ಕ್ಯೂನಲ್ಲಿ ಏಳನೆಯವನು

ಒಮ್ಮೆ ಕ್ಯೂನಲ್ಲಿ ನಿಂತರೆ ಬಿಟ್ಟು ಬರುವುದು ನನ್ನಿಂದಾಗದು. ಸೀಮೆಎಣ್ಣೆ, ಗ್ಯಾಸು, ರೈಲ್ವೆ ಟಿಕೆಟ್ಟು ಎಂದು ಅರ್ಧ ಆಯುಷ್ಯ ನಿಂತೇ ಕಳೆದ ಜಯನಗರದ ಮನುಷ್ಯ ನಾನು. ಮುಂದಿನವನ ಬೆನ್ನು ಒಂದು ಹೆಜ್ಜೆ ಸರಿದರೆ ಬದುಕಿನಲ್ಲೇ ಮುಂದೆ ಬಂದಷ್ಟು ಸಂತೋಷ. ಈ ಚಟದಿಂದ ಒಮ್ಮೆ ಹೆಂಡತಿಯನ್ನೇ ಕಳೆದುಕೊಳ್ಳುತ್ತಿದ್ದೆ.

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರಲಿಲ್ಲ. ಫೋನಿನಲ್ಲೇ ವೈದ್ಯಕೀಯ ಸಲಹೆ ಕೊಡುವ ಸೇವೆಯೊಂದರ ಕಾರ್ಡನ್ನು ನಮ್ಮ ಆಫೀಸಿನಲ್ಲಿ ಹಂಚಿದ್ದರು. ಅದರ ಮೇಲೆ ಒಂಬತ್ತು ಜನ ನರ್ಸುಗಳು ಸಾಲಾಗಿ ನಿಂತು ನಗುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಸುಮ ಹಲ್ಲುನೋವಿಗೆ ಮಾತ್ರೆ ನುಂಗಿದಳು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು, ತುಟಿ ಊದಿತು. "ಗಂಟ್ಲು ಬಿಗೀತಿದೆ ರೀ" ಎಂದಳು. ನಾನು ಕಾರ್ಡು ಹುಡುಕಿ ಫೋನು ಮಾಡಿದೆ.

ಹೆಸರು, ವಯಸ್ಸು, ಪಿನ್‌ಕೋಡು ಎಲ್ಲ ಕೇಳಿದ ಹೆಂಗಸು, "ನೋವು ಹತ್ತಕ್ಕೆ ಎಷ್ಟು ಸಾರ್?" ಎಂದರು.

"ನೀವು ನರ್ಸಾ ಮೇಡಂ?"

"ಅಲ್ಲ ಸಾರ್, ನಾನು ಪ್ರಶ್ನೆ ಓದೋಳು ಅಷ್ಟೆ. ಇವತ್ತು ನರ್ಸ್ ಒಬ್ರೇ. ನೀವು ಏಳನೆಯವರು. ಕಟ್ ಮಾಡ್ಬೇಡಿ, ಮತ್ತೆ ಕೊನೆಗೆ ಹೋಗ್ತೀರ."

ಫೋನಿನಲ್ಲಿ ವೀಣೆ ಶುರುವಾಯಿತು; ನಡುನಡುವೆ ಒಂದು ಧ್ವನಿ ನನ್ನ ನಂಬರ್ ಹೇಳುತ್ತಿತ್ತು. ನಮ್ಮ ರಸ್ತೆಯ ದೋಸೆ ಹೋಟೆಲಿನಲ್ಲಿ ಭಾನುವಾರ ಚಟ್ನಿ ಬಡಿಸಲೇ ಮೂವರಿರುತ್ತಾರೆ. ಉಸಿರು ಕಟ್ಟುತ್ತಿರುವ ಊರಿಗೆಲ್ಲ ಒಬ್ಬರೇ ನರ್ಸು! ಫೋಟೋಗೆ ಸಿಕ್ಕ ಒಂಬತ್ತು ಜನರಲ್ಲಿ ಇನ್ನಿಬ್ಬರನ್ನು ಕುರ್ಚಿಯಲ್ಲಿ ಕೂರಿಸಲು ಇವರಿಗೇನು ಧಾಡಿ? ಹಲ್ಲು ಕಡಿಯುತ್ತ ನಾಲ್ಕನೆಯವನಾದೆ.

ಅಷ್ಟರಲ್ಲಿ ಮಹಡಿ ಮನೆಯ ಬಾಡಿಗೆದಾರರು, ಹುಬ್ಬಳ್ಳಿ ಕಡೆಯ ಗಿರಿಜಕ್ಕ, ಮೊಸರು ಕೇಳಲು ಬಂದರು. "ಏನ್ರೀ ಸರ, ಅಕ್ಕಾರ ಮಾರಿ ನೋಡ್ರಿ! ಫೋನ್ ಹಿಡ್ಕೊಂಡು ಏನ್ ನಿಂತೀರಿ?"

"ಇನ್ನೇನು, ಮೂರನೇ ನಂಬರ್ ಬಂತು..."

"ನಿಮ್ಮ ನಂಬರ್ ನೀವೇ ಇಟ್ಕೊಳ್ರಿ!" ಎಂದವರೇ ಸುಮಳನ್ನು ತಬ್ಬಿಕೊಂಡು ಹೊರಗೆ ನಡೆದರು. ಆಟೋ ಆಸ್ಪತ್ರೆಯತ್ತ ಓಡಿತು. ಇನ್ನೈದು ನಿಮಿಷ ತಡವಾಗಿದ್ದರೆ ಎಂದು ಶುರುಮಾಡಿ ಡಾಕ್ಟರು ಆಮೇಲೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ಸುಮ ಉಳಿದಳು.

ಆಟೋ ಹೊರಟಾಗ ನಾನೂ ಬಾಗಿಲಿನವರೆಗೆ ಬಂದಿದ್ದೆ, ನಿಜ. ಆದರೆ ರಿಸೀವರನ್ನು ಮೇಜಿನ ಮೇಲೆ ಇಟ್ಟಿದ್ದೆನೇ ಹೊರತು ಕಟ್ ಮಾಡಿರಲಿಲ್ಲ. ವೀಣೆ ನಿಂತದ್ದು ಕೇಳಿ ಒಳಗೆ ಓಡಿದೆ.

ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿಹೋಗಿದ್ದ ನರ್ಸು ಎಲ್ಲ ಕೇಳಿ, "ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಸಾರ್" ಎಂದರು.

"ಆಗ್ಲೇ ಹೋದ್ರು ಮೇಡಂ."



"ಮತ್ತೆ ನೀವ್ಯಾಕೆ ಸಾರ್ ಇನ್ನೂ ಲೈನಲ್ಲಿದ್ದೀರ? ನಿಮ್ಮ ಹಿಂದೆ ಹನ್ನೊಂದು ಜನ ಕಾಯ್ತಿದ್ದಾರೆ."