ದೋಣಿಯ ಕೊನೆ ಸೀಟು

ನಗು ಬರುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಮದುವೆ ಮನೆಗೆ ಬಂದರೆ ಬರಲಿ, ಇವು ಸಾವಿನ ಮನೆಗೂ ಬಂದು ಮುಂದಿನ ಸಾಲಿನಲ್ಲೇ ಕೂರುತ್ತವೆ. ನಾನು ಬಸ್ಸಿಗೆ ಬಣ್ಣ ಹೊಡೆದು ಅಕ್ಷರ ಬರೆಯುವವನು. ಕಡೂರಿನಲ್ಲಿ ನಮ್ಮ ಮೇಸ್ತ್ರಿ ಬಸ್ಸಿನ ಬಾಡಿ ಕಟ್ಟುತ್ತಿದ್ದರು, ಅವರು ಕಟ್ಟಿದ್ದಕ್ಕೆಲ್ಲ ನಾನು ಬಣ್ಣ ಹಚ್ಚುತ್ತಿದ್ದೆ. ಈಗ ಬಸ್ಸುಗಳು ಬಾಡಿ, ಬಣ್ಣ ಎಲ್ಲ ಮುಗಿಸಿಕೊಂಡೇ ದೊಡ್ಡ ಕಾರ್ಖಾನೆಯಿಂದ ಬರುತ್ತವೆ. ನಮ್ಮ ಶೆಡ್ಡಿನ ಬಾಗಿಲು ಹಾಕಿತ್ತು. ನಾನು ಹೇಳಹೊರಟಿರುವುದು ಆ ಶೆಡ್ಡಿಗೆ ಕೊನೆಯದಾಗಿ ಬಂದ ಗಾಡಿಯ ಕಥೆ. ಬಾಯಿರೂಢಿಗೆ ಗಾಡಿ ಅಂದೆ. ಅದು ದೋಣಿ.

ಮುಚ್ಚಳ ಎಲ್ಲಿ

ಸಖರಾಯಪಟ್ಟಣದ ಕಡೆ ಅಯ್ಯನಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಒಂದು ಬೆಳಗ್ಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಳೆಯ ಅಲ್ಯುಮಿನಿಯಂ ದೋಣಿಯೊಂದನ್ನು ಹೇರಿಕೊಂಡು ಮೇಸ್ತ್ರಿ ಮನೆ ಮುಂದೆ ನಿಂತ. ದೋಣಿಯ ನೆಲಕ್ಕೆ ಹಾಕಿದ್ದ ಪ್ಲೈವುಡ್ ಕೊಳೆತು, ಕಾಲಿಟ್ಟರೆ ಹಳೇ ಬ್ರೆಡ್ಡಿನ ಹಾಗೆ ಕುಸಿಯುತ್ತಿತ್ತು. ಅದರ ಕೆಳಗಿನ ಅಡ್ಡಪಟ್ಟಿಗಳು ಬಿರುಕು ಬಿಟ್ಟಿದ್ದವು. ತಗಡು ಬೆಸೆದ ರಿವೆಟ್ಟುಗಳು ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು.

“ಎಲ್ಲಾ ಕಡೆ ಸುತ್ತಿ ಬಂದೆ ಕಣಣ್ಣ,” ಅಂದ. “ತರೀಕೆರೆಲಿ ವೆಲ್ಡಿಂಗ್ ಅಂಗಡಿಯೋನು ಇದು ಅಲ್ಯುಮಿನಿಯಂ, ಮುಟ್ಟಿದ್ರೆ ಕರಗೋಗುತ್ತೆ, ನಾನೊಲ್ಲೆ ಅಂದ್ಬಿಟ್ಟ. ಅಜ್ಜಂಪುರದಲ್ಲಿ ಪಾತ್ರೆ ರಿಪೇರಿ ಮಾಡೋನ ಹತ್ರ ಹೋದೆ. ಅವನು ಒಂದು ಸುತ್ತು ಹಾಕಿ ನೋಡಿ, ಇದರ ಮುಚ್ಚಳ ಎಲ್ಲಿ ಅಂತ ಕೇಳ್ದ.”

ಮೇಸ್ತ್ರಿ ಶಿವಮೊಗ್ಗದ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ಶ್ವಾಸಕೋಶದ ಕಾಯಿಲೆ. ಡಾಕ್ಟರು ಅವರಿಗೆ ಆರಾಮಾಗಿರಿ ಅಂದಿದ್ದರು, ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಬೇರೆ ಮಾತು ಹೇಳಿದ್ದರು. ಆ ಅಮ್ಮನನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಅಕ್ಕ ದೋಣಿಯವನಿಗೆ ಬೇಡಪ್ಪಾ ಹೋಗು ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಅಷ್ಟರಲ್ಲಿ ಮೇಸ್ತ್ರಿ ಎದ್ದು ಬಂದು ದೋಣಿಯ ಪಕ್ಕೆಗೆ ಬೆರಳ ಗಂಟಿನಿಂದ ತಟ್ಟಿ, ಕಿವಿ ಕೊಟ್ಟು, “ರಿವೆಟ್ ಕೆಲ್ಸ. ಬಸ್ಸೇ ಇದು. ಚಕ್ರ ಇಲ್ಲ, ಅಷ್ಟೆ,” ಅಂದರು. ಅವರ ಮುಖದಲ್ಲಿ ಅಷ್ಟು ರಕ್ತ ಓಡಾಡಿದ್ದು ನೋಡಿ ಬಹಳ ದಿನವಾಗಿತ್ತು. ಅಕ್ಕ ಒಳಗೆ ಹೋಗಿ ಶೆಡ್ಡಿನ ಬೀಗದಕೈ ತಂದುಕೊಟ್ಟರು.

ಮೇಸ್ತ್ರಿಯದೊಂದು ಪದ್ಧತಿಯಿತ್ತು. ತಾವು ಕಟ್ಟಿದ ಬಸ್ಸು ಮೊದಲ ಟ್ರಿಪ್ ಹೊರಟರೆ ಕೊನೆ ಸೀಟಿನಲ್ಲಿ ತಾವು ಕೂರಬೇಕು. ಅಲ್ಲಿ ಕೂತು ತಲೆ ಒಂದು ಕಡೆ ವಾಲಿಸಿ ಬಾಡಿಯ ಸದ್ದು ಕೇಳುತ್ತಾ ಹೋಗುತ್ತಿದ್ದರು. ಎಲ್ಲಿ ಲಟಲಟ ಅಂದರೂ ಅಲ್ಲೊಂದು ರಿವೆಟ್ ಸಡಿಲ ಅಂತ ಅರ್ಥ. ಓನರ್ ಎಷ್ಟೇ ಬೇಡ ಅಂದರೂ ಟಿಕೆಟ್ ತೆಗೆದುಕೊಂಡೇ ಕೂರುವುದು. “ಟಿಕೆಟ್ ತಗೊಂಡೋನಿಗೆ ಮಾತ್ರ ಬಯ್ಯೋ ಹಕ್ಕು,” ಅನ್ನುತ್ತಿದ್ದರು. ದೋಣಿಯವನಿಗೂ ಅದನ್ನೇ ಹೇಳಿದರು. “ಕೆರೆಗೆ ಇಳಿಸೋ ದಿನ ಕೊನೆ ಸೀಟು ನಂದು. ಟಿಕೆಟ್ ಕೊಡ್ಬೇಕು.”

“ನಮ್ಮಲ್ಲಿ ಟಿಕೆಟ್ ಇಲ್ಲಣ್ಣ.”

“ಇಲ್ದಿದ್ರೆ ಅಚ್ಚು ಹಾಕ್ಸು.”

ಬೆಕ್ಕುಗಳ ಬೀದಿ

ಮೇಸ್ತ್ರಿಯವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ಆ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತುವುದಿಲ್ಲ. ಅಂಥ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ನಾವು ದೋಣಿಯ ಹಳೇ ನೆಲ ಕಿತ್ತೆವು. ಎಷ್ಟೋ ವರ್ಷದ ಮೀನಿನ ನೀರು ಕುಡಿದ ಪ್ಲೈವುಡ್ಡು. ಮೊದಲ ಹಲಗೆ ಎದ್ದದ್ದೇ ತಡ, ಅಕ್ಕ ಒಳಗಿನಿಂದ ಎರಡು ಊದಿನಕಡ್ಡಿ ಹಚ್ಚಿಕೊಂಡು ಬಂದರು. ಎರಡನೇ ಹಲಗೆ ಎದ್ದಾಗ ಕಟ್ಟು ಸಮೇತ ಹಚ್ಚಿದರು.

ಮಾರನೆಯ ದಿನ ನೋಡಿದರೆ ಬೀದಿಯ ಬೆಕ್ಕುಗಳೆಲ್ಲ ದೋಣಿಯೊಳಗೆ. ನಾನು ಓಡಿಸಿದರೆ ಈ ಕಡೆ ಇಳಿದು ಆ ಕಡೆ ಹತ್ತುತ್ತಿದ್ದವು. ಮೇಸ್ತ್ರಿ ಕುರ್ಚಿಯಲ್ಲಿ ಕೂತು, “ಇರ್ಲಿ ಬಿಡೋ ಪೇಂಟರ್, ಸೀಟ್ ಹಿಡಿಯೋಕೆ ಬಂದವೆ,” ಅಂದರು. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ಬೇಗ ನಿಲ್ಲಲಿಲ್ಲ. ನಾನು ಬೆನ್ನು ಸವರುತ್ತಾ ನಿಂತೆ. ಬೆನ್ನು ಅನ್ನುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ದೋಣಿಯ ಅಡ್ಡಪಟ್ಟಿಗಳೇ ಎಷ್ಟೋ ವಾಸಿ.

ಅದೇ ಹೊತ್ತಿಗೆ ಮಠದ ಅಯ್ಯನವರು ಮೇಸ್ತ್ರಿಯ ಆರೋಗ್ಯ ವಿಚಾರಿಸಲು ಬಂದರು. ಹಿರಿಯರು, ಬಹಳ ಸಾತ್ವಿಕರು. ವಿಭೂತಿ ಕೊಟ್ಟು, ಕೂತು, ಒಂದೆರಡು ಸಲ ಮೂಗು ಉಜ್ಜಿಕೊಂಡರು. ಆಮೇಲೆ ಶೆಡ್ಡಿನ ಕಡೆ ನೋಡಿ, “ಏನಮ್ಮಾ ಅದು?” ಅಂದರು.

ಅಕ್ಕ ಸುಳ್ಳು ಹೇಳುವವರಲ್ಲ. ಗಂಡನ ಮುಖ ನೋಡಿದರು. “ನೀರ ಮೇಲೆ ಹೋಗೋ ಬಸ್ಸು ಬುದ್ಧಿ,” ಅಂದರು.

ಅಯ್ಯನವರು ಬೆಕ್ಕುಗಳನ್ನು ನೋಡಿದರು. “ಜನ ಆಗ್ಲೇ ಹತ್ತಿದಾರೆ,” ಅಂತ ಹೇಳಿ ಕಾಫಿ ಕುಡಿದು ಹೋದರು.

ತೂತಿನ ವಿಷಯ

ದೋಣಿ ಎಲ್ಲಿ ಸೋರುತ್ತದೆ ಅಂತ ತಿಳಿಯಲು ಮೇಸ್ತ್ರಿ ಬಸ್ಸಿನ ಬುದ್ಧಿಯನ್ನೇ ಉಪಯೋಗಿಸಿದರು. ಬಸ್ಸಿಗಾದರೆ ಹೊರಗಿನಿಂದ ನೀರು ಹೊಡೆದು ಒಳಗೆ ಎಲ್ಲಿ ಜಿನುಗುತ್ತದೆ ನೋಡುತ್ತೇವೆ. ಇದಕ್ಕೆ ಒಳಗೆ ನೀರು ತುಂಬಿ ಹೊರಗೆ ನೋಡೋಣ ಅಂದರು. ಕಲ್ಲಿನ ಮೇಲೆ ದೋಣಿ ಕೂರಿಸಿ, ಟ್ಯಾಂಕರ್ ತರಿಸಿ, ಅಂಚಿನ ತನಕ ನೀರು ತುಂಬಿದೆವು. ನಾನು ಸೀಮೆಸುಣ್ಣ ಹಿಡಿದು, ತೊಟ್ಟಿಕ್ಕಿದ ಕಡೆಯೆಲ್ಲ ಗುರುತು ಹಾಕುತ್ತಾ ಕೆಳಗೆ ತೆವಳಿದೆ.

ಆ ವಾರ ನಮ್ಮ ಬೀದಿಗೆ ನಲ್ಲಿ ನೀರು ಬಂದಿರಲಿಲ್ಲ. ನಾನು ದೋಣಿಯ ಕೆಳಗಿನಿಂದ ಎದ್ದು ನೋಡುವಷ್ಟರಲ್ಲಿ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. “ಕುಡಿಯೋಕಲ್ಲ, ಬಟ್ಟೆಗೆ,” ಅಂತ ಒಬ್ಬರು ನನಗೇ ಸಮಾಧಾನ ಹೇಳಿದರು. ಪಕ್ಕದ ಮನೆಯ ಅಜ್ಜಿ ಮಾತ್ರ ಕೊಡ ತಂದಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ದೋಣಿಯನ್ನೇ ನೋಡಿ, “ದೋಣಿ ನೀರಲ್ಲಿರ್ಬೇಕು, ನಿಮ್ಮದ್ರಲ್ಲಿ ನೀರೇ ದೋಣಿಲೈತಲ್ರೋ,” ಅಂದರು.

ಗುರುತು ಹಾಕಿದ್ದಾಯಿತು. ಉಳಿದ ನೀರು ಖಾಲಿ ಮಾಡುವುದು ಹೇಗೆ? ಮೇಸ್ತ್ರಿ ಸುತ್ತ ತಡಕಾಡಿ, ದೋಣಿಯ ಹಿಂಭಾಗದಲ್ಲಿ, ತಳದ ಹತ್ತಿರ, ಬಟ್ಟೆ ಸುತ್ತಿ ಜಡಿದ ಒಂದು ಮರದ ತುಂಡನ್ನು ಕಂಡುಹಿಡಿದರು. ಸುತ್ತಿಗೆಯಿಂದ ಎರಡೇಟು ಹಾಕಿದರು. ತುಂಡು ಹಾರಿತು, ನೀರು ಭರ್ರನೆ ಅಜ್ಜಿಯ ಕಾಲಿಗೆ ಬಿತ್ತು.

“ನೋಡು,” ಅಂದರು ಮೇಸ್ತ್ರಿ. “ನೀರು ಹೋಗ್ಲಿ ಅಂತ ಎಷ್ಟು ಚೆನ್ನಾಗಿ ತೂತು ಬಿಟ್ಟವ್ರೆ. ಯಾವನೋ ದಡ್ಡ ಮುಚ್ಚಿದಾನೆ.”

ನನಗೂ ಹೌದೆನ್ನಿಸಿತು. ಬಸ್ಸಿನ ನೆಲ ತೊಳೆದಾಗ ನೀರು ಹೋಗಲು ನಾವೇ ತೂತು ಬಿಡುತ್ತೇವಲ್ಲ. ಮೇಸ್ತ್ರಿ ಅದರ ಅಂಚನ್ನು ಅರದಿಂದ ಉಜ್ಜಿ, ಸುತ್ತ ಒಂದು ಅಲ್ಯುಮಿನಿಯಂ ಬಳೆ ಕೂರಿಸಿ ರಿವೆಟ್ ಹೊಡೆದರು. ಇಡೀ ದೋಣಿಯಲ್ಲಿ ಅವರು ಪೂರ್ತಿ ತಮ್ಮ ಕೈಯಿಂದಲೇ ಮಾಡಿದ್ದು ಅದೊಂದೇ. ಬಹಳ ಚೆನ್ನಾಗಿ ಬಂತು. ಮರದ ತುಂಡು ಅಕ್ಕನ ನೀರೊಲೆಗೆ ಹೋಯಿತು.

ಒಳಗೊಬ್ಬರು, ಹೊರಗೊಬ್ಬರು

ಅಡ್ಡಪಟ್ಟಿಗೆ ರಿವೆಟ್ ಹೊಡೆಯುವುದು ಒಬ್ಬರ ಕೆಲಸವಲ್ಲ. ಹೊರಗಿನಿಂದ ಒಬ್ಬರು ಸುತ್ತಿಗೆಯಲ್ಲಿ ಹೊಡೆದರೆ ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ತೂತಿನ ಕೆಲಸ ಮುಗಿಯುವಷ್ಟರಲ್ಲಿ ಮೇಸ್ತ್ರಿಗೆ ಸುತ್ತಿಗೆ ಎತ್ತುವ ಶಕ್ತಿ ಹೋಗಿತ್ತು. ಸುತ್ತಿಗೆ ನನ್ನ ಕೈಗೆ ಬಂತು. ಒಳಗೆ ಹಿಡಿಯುವವರು ಯಾರೂ ಸಿಗದೆ, ಕೊನೆಗೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಿವಾ ಶಿವಾ ಅನ್ನುತ್ತಾ ದೋಣಿ ಹತ್ತಿದರು.

ಮೇಸ್ತ್ರಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. “ಹಿಡೀಲಿಲ್ಲ, ತೆಗಿ.” “ಇದು ಸರಿ.” “ಲೇ, ನೀನು ಬಣ್ಣ ಹೊಡೀತಿಲ್ಲ, ರಿವೆಟ್ ಹೊಡೀತಿದೀಯ.” ಹೀಗೆ ಒಡೆದ ಅಡ್ಡಪಟ್ಟಿಗಳೆಲ್ಲ ಬದಲಾದವು. ನೆಲಕ್ಕೆ ಬಸ್ಸಿಗೆ ಹಾಕುವ, ಕಾಲು ಜಾರದಂಥ ಗೀರಿನ ಅಲ್ಯುಮಿನಿಯಂ ಶೀಟನ್ನೇ ಹಾಸಿದೆವು. ಕೊನೆ ಸೀಟಿನ ಕೆಳಗೆ ಮಾತ್ರ ಒಂದು ಗೇಣು ಖಾಲಿ ಬಿಟ್ಟೆವು, ಆ ಚಂದದ ತೂತು ಕಾಣಲಿ ಅಂತ. ಮುಂದಿನ ಸೀಟಿಗೆ ಶೀಟು ಸಾಲದೆ ಹಳೇ ಬಸ್ಸಿನದೊಂದು ತುಂಡು ಹಾಕಿದೆವು. ಅದರ ಮೇಲೆ ನಾನೇ ಯಾವಾಗಲೋ ಬರೆದ ‘ಮಹಿಳೆಯರಿಗೆ’ ಅನ್ನುವ ಅಕ್ಷರ ಹಾಗೇ ಇತ್ತು.

ಒಂದು ಸಂಜೆ ಮೇಸ್ತ್ರಿ ಕಣ್ಣು ತೆರೆದು ಅಕ್ಕನನ್ನು ಬಹಳ ಹೊತ್ತು ನೋಡಿದರು. “ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀಯೇ. ಇಷ್ಟು ವರ್ಷ ಎಲ್ಲಿದ್ದೆ ನೀನು?”

“ಅಡುಗೆಮನೇಲಿ,” ಅಂದರು ಅಕ್ಕ. “ನೀವು ಆ ಕಡೆ ಬಂದಿದ್ರೆ ಕಾಣಿಸ್ತಿದ್ದೆ.”

ಅಂತರವಿರಲಿ

ಬಣ್ಣದ ಸರದಿ ಬರುವ ಹೊತ್ತಿಗೆ ಮೇಸ್ತ್ರಿ ಹಾಸಿಗೆ ಹಿಡಿದಿದ್ದರು. ಅವರಿಗೆ ಕಾಣಲಿ ಅಂತ ದೋಣಿಯನ್ನು ಕಿಟಕಿಯ ಮುಂದಕ್ಕೆ ಎಳೆದಿದ್ದೆವು. ನೀಲಿ ಬಣ್ಣ ಹೊಡೆದೆ. ಕೈಗೆ ಅಭ್ಯಾಸ ನೋಡಿ, ಹಿಂದಕ್ಕೆ ಬಂದದ್ದೇ ದಪ್ಪ ಅಕ್ಷರದಲ್ಲಿ ‘ಅಂತರವಿರಲಿ’ ಅಂತ ಬರೆದುಬಿಟ್ಟೆ.

ದೋಣಿಯವನು ಬಂದು ನೋಡಿ ತಲೆ ಕೆರೆದುಕೊಂಡ. “ಹಿಂದೆ ಯಾರಣ್ಣ ಬತ್ತಾರೆ? ಮೀನು ತಾನೆ? ಅವು ಅಂತರ ಇಟ್ಕೊಂಡ್ರೆ ನಾನೇನು ತಿನ್ಲಿ?”

ಕಿಟಕಿಯೊಳಗಿನಿಂದ ಮೇಸ್ತ್ರಿ ನಕ್ಕದ್ದು ಕೇಳಿಸಿತು. ಅದೇ ಅವರ ಕೊನೆಯ ನಗು. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ನಾಲ್ಕು ಕಡೆ ಏನಾದರೂ ತಪ್ಪು ಬರೆಯುತ್ತಿದ್ದೆ.

ಆಮೇಲೆ ನನ್ನನ್ನು ಒಳಗೆ ಕರೆದರು. ನಮ್ಮ ಶೆಡ್ಡಿನಿಂದ ಹೊರಟ ಗಾಡಿ ಚಕ್ರದ ಕೆಳಗೆ ನಿಂಬೆಹಣ್ಣು ತುಳಿಯದೆ ಹೋದದ್ದೇ ಇಲ್ಲ. “ಇದಕ್ಕೆ ನಿಂಬೆಹಣ್ಣು ಎಲ್ಲಿಡ್ತೀಯ?” ಅಂದರು. ಉಸಿರು ಮಾತಿನ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು.

“ಚಕ್ರವೇ ಇಲ್ವಲ್ಲ ಮೇಸ್ತ್ರಿ.”

“ತಗೊಂಡಂತೂ ಹೋಗೋಣ. ಅಲ್ಲಿ ನೋಡ್ಕೊಂಡ್ರಾಯ್ತು.”

ಹೋಗೋಣ ಅಂದಿದ್ದರು. ಬಣ್ಣ ಒಣಗುವ ಮೊದಲೇ ಅವರು ಹೋಗಿಬಿಟ್ಟರು. ಅವರಲ್ಲಿ ತೀರಿಕೊಂಡವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಹೂವಿನ ಮಧ್ಯೆ ಕೂತಿದ್ದ ಮೇಸ್ತ್ರಿಯ ತಲೆ ಸ್ವಲ್ಪ ಒಂದು ಕಡೆ ವಾಲಿತ್ತು. ಜನ ಅಳುತ್ತಿದ್ದರೆ ನನಗೆ ಬಸ್ಸಿನ ಕೊನೆ ಸೀಟು ನೆನಪಾಗಿ ನಗು ಬಂದುಬಿಟ್ಟಿತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಪಾಪ, ಎಷ್ಟು ಅಳುತ್ತಾನೆ ಅಂತ ನಾಲ್ಕು ಜನ ಹಿಡಿದುಕೊಂಡರು. ಅವರು ಹಿಡಿದ ಮೇಲೆ ನಿಜವಾಗಿಯೂ ಅತ್ತೆ.

ಮೊದಲ ಟ್ರಿಪ್

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನೇ, “ದೋಣಿ ಇಳಿಸೋಣ ಪೇಂಟ್ರೇ,” ಅಂದರು. ಸೆರಗಿನ ತುದಿಯಲ್ಲಿ ಎರಡು ನಿಂಬೆಹಣ್ಣು ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿದರು.

ಅಯ್ಯನಕೆರೆಯ ದಡದಲ್ಲಿ ನಿಂಬೆಹಣ್ಣನ್ನು ದೋಣಿಯ ಮುಂದೆ ಕೆಸರಿನ ಮೇಲಿಟ್ಟು ತಳ್ಳಿದೆವು. ಒಂದು ಅಪ್ಪಚ್ಚಿಯಾಯಿತು. ಇನ್ನೊಂದು ಜಾರಿ, ಏನೂ ಆಗದೆ ನೀರಿನಲ್ಲಿ ತೇಲುತ್ತಾ ಹೋಯಿತು. ದೋಣಿಗಿಂತ ಮೊದಲು ಅದೇ ತೇಲಿತು. ಅಕ್ಕ ಅದನ್ನು ಎತ್ತಿಕೊಂಡು ಮತ್ತೆ ಸೆರಗಿಗೆ ಕಟ್ಟಿದರು.

ಅಕ್ಕ ಮುಂದೆ ‘ಮಹಿಳೆಯರಿಗೆ’ ಮೇಲೆ ಕೂತರು. ದೋಣಿಯವನು ಮಧ್ಯೆ ಹುಟ್ಟು ಹಿಡಿದ. ನಾನು ಕೊನೆ ಸೀಟಿನ ಹತ್ತಿರ ನಿಂತೆ. ಕೂರಲು ಮನಸ್ಸು ಬರಲಿಲ್ಲ.

“ಕೂತ್ಕೊಳ್ಳಿ,” ಅಂದರು ಅಕ್ಕ ಹಿಂತಿರುಗದೆ. “ಖಾಲಿ ಹೋಗ್ಬಾರ್ದು.”

ಕೂತೆ. ತಲೆ ತಾನಾಗಿಯೇ ವಾಲಿತು. ಎಲ್ಲೂ ಲಟಲಟ ಇಲ್ಲ. ಒಂದು ರಿವೆಟ್ಟೂ ಮಾತಾಡಲಿಲ್ಲ. ಮೇಸ್ತ್ರಿ, ಕೇಳಿ, ನಾನು ಹೊಡೆದದ್ದು ಹಿಡಿದಿದೆ ಅಂತ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಕಾಲ ಹತ್ತಿರ ಬುಳಬುಳ ಅಂತು.

“ಬಿರಡೆ ಹಾಕ್ಲಿಲ್ವೇನಣ್ಣ?” ಅಂದ ದೋಣಿಯವನು.

“ಯಾವ ಬಿರಡೆ?”

“ಹಿಂದಿನ ತೂತಿಂದು. ಮರದ್ದು ಇತ್ತಲ್ಲ. ಬಳೆ ಹಾಕಿದೀರಿ, ಹೊಸದು ಮಾಡಿರ್ತೀರಿ ಅಂದ್ಕೊಂಡೆ.”

“ಅದು ನೀರು ಹೋಗೋ ತೂತಲ್ವೇನೋ?”

“ದಡದಲ್ಲಿದ್ದಾಗ ಹೋಗೋ ತೂತು ಕಣಣ್ಣ. ಕೆರೇಲಿ ಬರೋ ತೂತು.”

ಅಕ್ಕ ನಿಧಾನವಾಗಿ ತಿರುಗಿದರು. “ಅದರಲ್ಲಿ ನಾನು ನೀರು ಕಾಯಿಸಿದ್ನಲ್ಲ,” ಅಂದರು. ಆಮೇಲೆ ಸೆರಗು ಬಿಚ್ಚಿ ನಿಂಬೆಹಣ್ಣು ನನ್ನ ಕಡೆ ಚಾಚಿದರು. ಬಗ್ಗಿ ತೂತಿಗೆ ಒತ್ತಿದೆ. ಮೇಸ್ತ್ರಿ ಹಾಕಿದ ಬಳೆಯಲ್ಲಿ ಅದು ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಮೇಲೆ ನನ್ನ ಹಿಮ್ಮಡಿಯಿಟ್ಟೆ.

ದೋಣಿಯವನು ವಾಪಸ್ ತಿರುಗಿಸಲು ಹೋದ. “ಬೇಡ,” ಅಂದರು ಅಕ್ಕ, “ಪೂರ್ತಿ ಟ್ರಿಪ್ ಆಗ್ಲಿ.” ನಾನು ಹಿಮ್ಮಡಿ ಎತ್ತದೆ, ಮದುವೆಯಲ್ಲಿ ಫೋಟೋಗೆ ಕೂತ ಮದುಮಗನ ಹಾಗೆ ಬಿಗಿಯಾಗಿ ಕೂತು ಕೆರೆ ಸುತ್ತಿದೆ. ಅಕ್ಕ ನನ್ನ ಕಾಲು ನೋಡಿ ನಕ್ಕರು. ಮೇಸ್ತ್ರಿ ಹೋದ ಮೇಲೆ ಮೊದಲ ಸಲ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು.

ದಡಕ್ಕೆ ಬಂದ ಮೇಲೆ ಅಕ್ಕ ಪರ್ಸಿನಿಂದ ನೋಟು ತೆಗೆದು ದೋಣಿಯವನ ಮುಂದೆ ಹಿಡಿದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಅವರನ್ನು ನಗಿಸಬೇಕೆಂದೋ ಏನೋ, “ಈಗ ಹೆಂಗಸ್ರಿಗೆ ಬಸ್ಸು ಫ್ರೀ ಕಣಕ್ಕ. ಆಧಾರ್ ಕಾರ್ಡ್ ತೋರ್ಸಿ ಸಾಕು,” ಅಂದ.

“ನಂದು ಬಿಡಪ್ಪಾ, ಫ್ರೀನೇ ಇರ್ಲಿ,” ಅಂದರು ಅಕ್ಕ. “ಇದು ಅವ್ರದ್ದು. ಟಿಕೆಟ್ ತಗೊಳ್ದಿದ್ರೆ, ಆ ತೂತಿನ ವಿಷ್ಯಕ್ಕೆ ನಿಮ್ಮಿಬ್ರಿಗೂ ಹೆಂಗೆ ಬಯ್ತಾರೆ ಅವ್ರು?”