ಹುಲಿಗೇಶನ ತಂಪು ಗಾದಿ

ಮಸ್ಕಿಯ ಬಿಸಿಲಿಗೆ ಎಂದೂ ಹೆದರದ ಹುಲಿಗೇಶ ತನ್ನ ಹಾಸಿಗೆಗೆ ಹೆದರತೊಡಗಿ ಹದಿನೈದು ದಿನವಾಗಿತ್ತು. ಅವನ ಬೆನ್ನುನೋವಿಗೆಂದು ಹೆಂಡತಿ ರಾಜಶ್ರೀ ಸಿಂಧನೂರಿನಿಂದ ಫೋಮ್ ಗಾದಿ ತರಿಸಿದ್ದಳು. ನೋವೇನೋ ಹೋಯಿತು, ಆದರೆ ಮಲಗಿದ ಹತ್ತು ನಿಮಿಷಕ್ಕೆ ಬೆನ್ನು ಹಂಚಿನ ಮೇಲಿನ ರೊಟ್ಟಿಯಂತಾಗುತ್ತಿತ್ತು. ಮಗ್ಗುಲು ಬದಲಿಸಿದರೆ ಆ ಕಡೆಯೂ ಬೇಯುತ್ತಿತ್ತು.

ಆಗೆಲ್ಲ ಅವ್ವನ ಗಾದಿ ನೆನಪಾಗುತ್ತಿತ್ತು. ಅವ್ವ ಬಸ್ಸಮ್ಮ ಹೊಲದ ಹತ್ತಿಯನ್ನು ತಾನೇ ಬಿಡಿಸಿ, ಕೂಡಿಟ್ಟು ಮಾಡಿಸಿದ್ದು. ಪಿಂಜಾರರ ಮಕ್ತುಂಬೀಯ ಗಂಡ ಅಂಗಳದಲ್ಲಿ ಕೂತು ಹಿಂಜುವ ಬಿಲ್ಲು ಮೀಟಿದರೆ ಹತ್ತಿ ಹೊಗೆಯಂತೆ ಏಳುತ್ತಿತ್ತು; ಚಿಕ್ಕ ಹುಲಿಗೇಶ ಅದರಲ್ಲಿ ಬಿದ್ದು ಹೊರಳಿ ಬೈಸಿಕೊಳ್ಳುತ್ತಿದ್ದ. ಎಂಥ ಬೇಸಿಗೆಯಲ್ಲೂ ಆ ಗಾದಿ ಬೆವರು ಹೀರಿ ತಣ್ಣಗಿರುತ್ತಿತ್ತು. ಹೊಸದು ಬಂದ ದಿನವೇ ರಾಜಶ್ರೀ ಅದನ್ನು ಮಕ್ತುಂಬೀಯ ಬಂಡಿಗೆ ಹಾಕಿ ಕಳಿಸಿದ್ದಳು. ಹುಲಿಗೇಶ ಬಾಗಿಲಲ್ಲಿ ನಿಂತು ಬಂಡಿ ಮರೆಯಾಗುವವರೆಗೂ ನೋಡಿದ.

ಭಾನುವಾರ ರಾಜಶ್ರೀ ಮುಕ್ಕುಂದದ ಅಕ್ಕನ ಮನೆಗೆ ಹೋದಳು. ಅವಳು ಬರುವುದರೊಳಗೆ ಗಾದಿಯ ಕಾವು ಇಳಿಸಲೇಬೇಕೆಂದು ಹುಲಿಗೇಶ ಪಕ್ಕದ ಮನೆಯ ಗಂಗಾಧರನನ್ನು ಕರೆದ. ಗಂಗಾಧರ ಬೋರ್‌ವೆಲ್ ಕೆಲಸದವನು. ಯಾವ ರೋಗಕ್ಕೂ ಅವನ ಬಳಿ ತೂತೇ ಮದ್ದು.

"ಗಾಳಿ ಆಡಾಕ ದಾರಿನ ಇಲ್ಲಲೇ ಇದಕ್ಕ. ಹತ್ತು ಬೋರ್ ಹೊಡದ್ರ ಸರಿ ಹೋಗತೈತಿ," ಎಂದು ಡ್ರಿಲ್ ತಂದ. ಮೊದಲ ತೂತಿಗೇ ಫೋಮು ಡ್ರಿಲ್‌ಗೆ ಸುತ್ತಿಕೊಂಡು ಬಾಂಬೆ ಮಿಠಾಯಿಯಾಯಿತು. ಆದರೂ ಹತ್ತನ್ನೂ ಹೊಡೆದೇ ಬಿಟ್ಟ. ಹುಲಿಗೇಶ ಮಲಗಿ ನೋಡಿದ. ಕಾವು ಹಾಗೆಯೇ ಇತ್ತು, ಜೊತೆಗೆ ತೂತಿನ ಅಂಚುಗಳು ಬೆನ್ನಿಗೆ ಒತ್ತುತ್ತಿದ್ದವು.

ಸದ್ದು ಕೇಳಿ ಬಂದ ಎದುರುಮನೆಯ ಕನಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಗಡಿಗಿಗೆ ಹಸೀ ಅರಿಬಿ ಸುತ್ತಿದ್ರ ನೀರು ತಣ್ಣಗಾಗಂಗಿಲ್ಲೇನು? ಗಾದಿ ಏನ್ ಬ್ಯಾರೇನು?"

ಒಂದು ಕೊಡ ಸುರಿದರು. ಕಾಲುವೆ ನೀರು ಕಂಡ ಗದ್ದೆಯಂತೆ ಗಾದಿ ಕುಡಿದು ಸುಮ್ಮನಾಯಿತು. ಎರಡನೆಯದನ್ನೂ ಕುಡಿಯಿತು. ಮೂರನೆಯದಕ್ಕೆ ಮಂಚದ ಕೆಳಗೆ ಹಳ್ಳ ಹರಿಯಿತು. ಬಿಸಿಲಿಗೆ ಒಯ್ಯೋಣವೆಂದರೆ, ಮೂವರು ಸೇರಿ ಎತ್ತಿದರೂ ಅದು ಕೆರೆಗೆ ಬಿದ್ದ ಎಮ್ಮೆಯಂತೆ ಏಳಲೊಲ್ಲದು. ಗಂಗಾಧರನಿಗೆ ಯಾರದೋ ಮೋಟರ್ ನೆನಪಾಯಿತು. ಕನಕಮ್ಮನಿಗೆ ಒಲೆಯ ಮೇಲಿನ ಬೇಳೆ.

ಒಬ್ಬನೇ ಉಳಿದ ಹುಲಿಗೇಶ, ಹೇಗಾದರೂ ಅವ್ವನ ಗಾದಿ ಮರಳಿ ತರಬೇಕೆಂದು ಮಕ್ತುಂಬೀಯ ಮನೆಗೆ ಓಡಿದ. ಮುದುಕಿ ತೀರಿಹೋದ ಗಂಡನ ಬಿಲ್ಲನ್ನು ಗೋಡೆಗೆ ತೂಗುಹಾಕುತ್ತಿದ್ದಳು.

"ನಿಮ್ಮವ್ವನ ಹತ್ತಿ ನೋಡಪ್ಪ, ಮಷೀನಿಗೆ ಹಾಕಾಕ ಮನಸಾಗಲಿಲ್ಲ. ಕೈಯಾಗ ಹಿಂಜೀನಿ. ಈಗ ರಾಜಶ್ರೀ ಬಸ್ ಇಳದಾಕಿನ ಬಂದು ಒಯ್ದಳು. ಫೋಮಿನ ಮ್ಯಾಗ ಹಾಸಿದ್ರ ನಿನಗ ಕಾವು ಹತ್ತಂಗಿಲ್ಲಂತ ತೆಳ್ಳಗ ಹೊಲಿಸ್ಯಾಳ. ನಿನಗ ಹೇಳಿಲ್ಲೇನು?"

ಹದಿನೈದು ದಿನದಲ್ಲಿ ಮೊದಲ ಸಲ ಹುಲಿಗೇಶನ ಬೆನ್ನು ತಣ್ಣಗಾಯಿತು.

ಮನೆಯಲ್ಲಿ ರಾಜಶ್ರೀ ಮಂಚದ ಮುಂದೆ ನಿಂತಿದ್ದಳು. ತೂತು ಎಣಿಸಿದಳು, ತೊಟ್ಟಿಕ್ಕುವ ನೀರು ನೋಡಿದಳು. ಹತ್ತಿಯ ಗಾದಿಯನ್ನು ಪಡಸಾಲೆಗೆ ತಂದು ಫ್ಯಾನಿನ ಕೆಳಗೆ ಹಾಸಿದಳು. ಆ ಹತ್ತಿಯ ವಾಸನೆಗೆ ಹುಲಿಗೇಶನಿಗೆ ಅಂಗಳ, ಬಿಲ್ಲಿನ ಸದ್ದು, ಅವ್ವನ ಬೈಗುಳ ಎಲ್ಲ ಒಮ್ಮೆಗೇ ನೆನಪಾದವು. ಮೆಲ್ಲಗೆ ಒಂದು ತುದಿಯಲ್ಲಿ ಕೂರಲು ಬಗ್ಗಿದ.

ಅಷ್ಟರಲ್ಲಿ ರಾಜಶ್ರೀ ಅದರ ನಟ್ಟನಡುವೆ ಮಲಗಿ ಕೈಕಾಲು ಚಾಚಿದಳು.

"ನೀವು ಒಳಗ ಹೋಗ್ರಿ. ತಂಪು ಬೇಕು ಅಂತಿದ್ರಲ್ಲ, ನಿಮ್ಮ ಗಾದಿ ಈಗ ಚೊಲೋ ತಂಪಾಗೇತಿ."