ಬಸಳೆ ಜಾಗದಲ್ಲಿ ಪಂಪಾಸ್

ಹುಲ್ಲನ್ನು ಯಾರೂ ಬೆಳೆಸುವುದಿಲ್ಲ. ಅದು ತಾನಾಗಿ ಬೆಳೆಯುತ್ತದೆ, ನಾವು ಕೀಳುತ್ತೇವೆ. ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಬ್ರಹ್ಮಾವರದ ನರ್ಸರಿಗೆ ಹೋಗಿ ಹುಲ್ಲು ಕೊಂಡು ತಂದವಳು ನಾನು. ಹೋದಲ್ಲೆಲ್ಲ ಚರ್ಚಾಸ್ಪರ್ಧೆಯ ಕಪ್ ಹೊತ್ತು ಬಂದವಳಾದ್ದರಿಂದ ಎಂಥ ಹುಚ್ಚಿಗೂ ಕಾರಣ ಒದಗಿಸಬಲ್ಲೆ. ಆದರೆ ಈ ಪಂಪಾಸ್ ಹುಲ್ಲಿನ ವಿಷಯದಲ್ಲಿ ನನ್ನ ಬಳಿ ಇದ್ದದ್ದು ಕಾರಣವಲ್ಲ, ಕನಸು. ಕೋಟೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಕೂತಿದ್ದೇನೆ. ಕಡಲ ಕಡೆಯಿಂದ ಗಾಳಿ ಬರುತ್ತದೆ. ಆಳೆತ್ತರದ ಬೆಳ್ಳಿಬಣ್ಣದ ಗರಿಗಳು ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತವೆ, ಹಿತ್ತಿಲೇ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಆ ಕನಸಿನಲ್ಲಿ ನಾನು ಯಾರೊಡನೆಯೂ ವಾದಿಸುವುದಿಲ್ಲ. ಅದಕ್ಕೇ ಇರಬೇಕು, ಅದು ಬಿಟ್ಟುಬಿಡದೆ ಬೀಳುತ್ತಿತ್ತು.

ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ಸಾಸ್ತಾನದ ಟೋಲ್ ಹತ್ತಿರ ಕಂಡಕ್ಟರ್ ಬಗ್ಗಿ ನೋಡಿದ. "ಎಂತದ್ ಅದ್, ಮುಳಿಹುಲ್ಲಾ? ನಮ್ಮನಿ ಗುಡ್ಡಿ ತುಂಬ ಇತ್ತಲೆ. ಹೇಳಿರೆ ಒಂದ್ ಹೊರೆ ತಂದ್ ಕೊಡ್ತಿದ್ದೆ." ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಎಲೆಯ ಅಂಚು ಗಲ್ಲಕ್ಕೆ ತಾಗಿ ಗೀರಿತು, ಸಸಿಯನ್ನು ಆಚೆ ತಿರುಗಿಸಿಕೊಂಡೆ.

ಪಂಪಾಸಿಗೆ ದಿನವಿಡೀ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮ ಹಿತ್ತಿಲಲ್ಲಿ ಅಂಥ ಜಾಗ ಒಂದೇ, ಅಮ್ಮನ ಬಸಳೆ ಚಪ್ಪರದ್ದು. ಹಳೆಯ ಚಪ್ಪರ ಗಾಳಿಗೆ ಬಿದ್ದಿತ್ತು, ಹೊಸ ಕಂಬ ಇನ್ನೂ ಬಂದಿರಲಿಲ್ಲ. ಬಸಳೆ ಸಂತೆಯಲ್ಲೂ ಸಿಗುತ್ತದೆ, ಸೌಂದರ್ಯ ಸಿಗುವುದಿಲ್ಲ ಎಂದು ನಾನು ವಾದ ಮಂಡಿಸಿದೆ. ಅಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು.

"ಪಲ್ಯ ಮಾಡುಕ್ ಆತ್ತಾ ಅದನ್ನ್?"

"ಇಲ್ಲೆ."

"ದನ ತಿಂತಾ?"

"ಗೊತ್ತಿಲ್ಲೆ."

"ಹಂಗಾರೆ ಬಪ್ಪೊರ್ಷದ್ ಮಳಿ ಬಿಡುವರಿಗೆ ಕಾಂತೆ. ಅಷ್ಟ್ರೊಳ್ಗೆ ನಿನ್ ಗರಿ ಬರ್ದಿದ್ರೆ ಕಡ್ದ್ ಬಸಳೆ ನೆಡ್ತೆ."

ಮರಳು ಬೆರೆಸಿ ಮಣ್ಣು ಏರಿಸಿದೆ, ಮಳೆನೀರು ಹರಿದುಹೋಗಲು ಕಣಿ ತೋಡಿದೆ. ಬೇಸಿಗೆಯಲ್ಲಿ ಕೈಗವಸು ಹಾಕಿಕೊಂಡು ಒಣ ಎಲೆಗಳನ್ನೆಲ್ಲ ಬುಡದವರೆಗೆ ಕತ್ತರಿಸಿದೆ. ಹೊಸ ಚಿಗುರು ಬರಲು ಹಾಗೆ ಮಾಡಬೇಕು. ಅಮ್ಮ ಅದನ್ನು ಕಂಡು ನಾನು ಸೋತೆನೆಂದು ತಿಳಿದು ಬಸಳೆ ಬಳ್ಳಿ ಕೇಳಲು ಪಕ್ಕದ ಮನೆಗೇ ಹೋಗಿಬಿಟ್ಟಳು. ಆ ಮನೆಯ, ದನ ಸಾಕುವ ಗಿರಿಜಕ್ಕ ಬೇಲಿಗೆ ಬಂದು, ನಾನು ಬುಡಕ್ಕೆ ಸಗಣಿಗೊಬ್ಬರ ಹಾಕುವುದನ್ನು ನೋಡಿ ನಿಂತರು. "ಅಲ್ದ ಹೆಣೇ, ಹುಲ್ಲಿಗ್ ಗೊಬ್ರ ಹಾಕುದಾ? ನಮ್ಮನಿ ದನ ಕಂಡ್ರೆ ನೆಗಾಡತ್ತ್!" ಹೆಣೇ ಎಂದರೆ ನಮ್ಮ ಕಡೆ ಹೆಣ್ಣೇ ಎಂದಷ್ಟೇ. ಅವರ ದನ ಒಂದು ದಿನ ಬೇಲಿ ನುಸುಳಿ ಬಂದು ಪಂಪಾಸನ್ನು ಮೂಸಿ, ಮೂತಿ ತಿರುಗಿಸಿ, ನಮ್ಮ ದಾಸವಾಳ ತಿಂದು ಹೋಯಿತು.

ಅಮ್ಮ ಕೊಟ್ಟ ಗಡುವಿನ ಎರಡನೆಯ ಮಳೆಗಾಲವೂ ಇಳಿಯುತ್ತ ಬಂತು. ಹುಲ್ಲು ಸೊಂಟದೆತ್ತರ ಬೆಳೆದು ಗಾಳಿಗೆ ಸುಯ್ ಎನ್ನುತ್ತಿತ್ತು. ಗರಿ ಮಾತ್ರ ಇಲ್ಲ. ಅಮ್ಮ ಕತ್ತಿ ಮಸೆದಳು. "ಹೊಸ್ತ್ ಮುಗ್ದ್ ಮರ್ದಿನ" ಎಂದಳು.

ಹೊಸ್ತು ಎಂದರೆ ಹೊಸ ಭತ್ತದ ಕದಿರನ್ನು ಮನೆ ತುಂಬಿಸಿಕೊಳ್ಳುವ ದಿನ. ಕದಿರನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ, ನಾರಿನಿಂದ ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ಕೊನೆಗೆ ನನ್ನ ಸ್ಕೂಟರಿಗೂ ಕಟ್ಟುತ್ತೇವೆ. ಕದಿರು ಕಟ್ಟಿದರೆ ಮೈಲೇಜು ಹೆಚ್ಚುತ್ತದೆಯೇ ಎಂದು ನಾನು ಪ್ರತಿವರ್ಷ ಕೇಳುವವಳೇ. ಆದರೆ ಕದಿರು ಕಟ್ಟಿದ ಗಿಡಕ್ಕೆ ಮುಂದಿನ ಹೊಸ್ತಿನವರೆಗೆ ಕತ್ತಿ ತಾಗಿಸಬಾರದು ಎಂಬುದು ಅಮ್ಮನ ಕಾನೂನು. ಆ ಬೆಳಿಗ್ಗೆ ಕರಿಬೇವಿನ ಗಿಡಕ್ಕೆಂದು ಅಮ್ಮ ಕೈಗೆ ಕೊಟ್ಟ ಕದಿರನ್ನು ನಾನು ನೇರವಾಗಿ ಒಯ್ದು, ಅವಳ ಕಣ್ಣೆದುರೇ, ಪಂಪಾಸಿಗೆ ಕಟ್ಟಿದೆ.

"ಹೆಣೇ! ಅದ್ಕೆಂತಕ್ಕೆ ಕಟ್ದೆ?"

"ಭತ್ತವೂ ಹುಲ್ಲೇ ಅಲ್ದಾ ಅಮ್ಮ? ನೆಂಟ್ರಿಗ್ ಕಟ್ಟುಕಾಗ್ದಾ?"

ಅಮ್ಮ ಕದಿರನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಕತ್ತಿಯನ್ನು ಮೊಳೆಗೆ ಸಿಕ್ಕಿಸಿದಳು. "ಕಟ್ಟಿ ಆಯ್ತಲೆ. ಇನ್ ಕಡುಕಾಗ."

ಕೆಲವೇ ದಿನಗಳಲ್ಲಿ ಎಲೆಗಳ ನಡುವಿನಿಂದ ಒಂದು ದಂಟು ಎದ್ದಿತು. ಒಂದು ಸಂಜೆ ಅದರ ಸಿಪ್ಪೆ ಬಿರಿದು, ಒದ್ದೆ ರೇಷ್ಮೆಯಂಥದ್ದು ಹೊರಬಂತು. ಗಾಳಿ ಅದನ್ನು ಒಣಗಿಸುತ್ತ, ಬಿಡಿಸುತ್ತ ಹೋಯಿತು. ಒಂದೇ ಒಂದು ಗರಿ. ಅದರೊಳಗೆ ಸಂಜೆಯ ಬೆಳಕು ಸಿಕ್ಕಿಹಾಕಿಕೊಂಡು, ಹೊರಗೆಲ್ಲ ಕಪ್ಪಾದ ಮೇಲೂ ಅದೊಂದೇ ಮಂಕಾಗಿ ಬೆಳಗುತ್ತಿತ್ತು. ನಾನು ಜಗಲಿಯಲ್ಲಿ ಕೂತೇ ಇದ್ದೆ. ನನ್ನನ್ನು ಯಾರಾದರೂ ಆಗ ಏನಾದರೂ ಕೇಳಿದ್ದರೆ ಒಪ್ಪಿಬಿಡುತ್ತಿದ್ದೆ.

ಕೇಳಿಯೇ ಬಿಟ್ಟರು. ಬೇಲಿಯಾಚೆಯ ಗಿರಿಜಕ್ಕನಿಗೆ ಅಮ್ಮ ಕೂಗಿ ಹೇಳುತ್ತಿದ್ದಳು: "ಹ್ವಾಯ್ ಗಿರ್ಜಕ್ಕ, ಕಾಣಿ! ಅಷ್ಟ್ ಗೊಬ್ರ ಹಾಕಿರೂ ಬರ್ಲಿಲ್ಲೆ. ಕದ್ರ್ ಕಟ್ಟಿದ್ದೇ ಕಟ್ಟಿದ್ದ್, ಬಂತ್! ಹೌದಾ ಅಲ್ದಾ, ಹೇಳ್ ಹೆಣೇ?"

ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ; ಗರಿ ಕದಿರಿಗೂ ಮೊದಲೇ ಒಳಗೆ ಮೂಡಿತ್ತು; ಇದು ಪಂಪಾಸ್ ಹೂ ಬಿಡುವ ಕಾಲವೇ. ಮೂರೂ ವಾದ ಸಾಲಾಗಿ ಎದ್ದು ನಿಂತವು. ಆದರೆ ಇದರಲ್ಲಿ ನಾನು ಗೆದ್ದರೆ ಕದಿರಿಗೆ ಬೆಲೆಯಿಲ್ಲ, ಕದಿರಿಗೆ ಬೆಲೆಯಿಲ್ಲದಿದ್ದರೆ ಕತ್ತಿ ಮೊಳೆಯಿಂದ ಇಳಿಯುತ್ತದೆ.

"ಹೌದ್" ಎಂದೆ.

ಗಿರಿಜಕ್ಕ ಬೇಲಿಗೆ ಇನ್ನಷ್ಟು ಒತ್ತಿ ನಿಂತರು. "ನಿನ್ ಕೈಗುಣ ಒಳ್ಳೇದಿತ್ತ್ ಮಾರಾಯ್ತಿ. ನಮ್ಮನಿ ಜೀಗುಜ್ಜೆ ಮರ ಕಾಯೇ ಬಿಡ್ತಿಲ್ಲೆ. ಬಪ್ಪೊರ್ಷದ್ ಹೊಸ್ತಿಗೆ ನೀನೇ ಬಂದ್ ಒಂದ್ ಕದ್ರ್ ಕಟ್ಟ್ ಕಾಂಬ."

ಗರಿ ಒಮ್ಮೆ ಮೆಲ್ಲಗೆ ಬಾಗಿ ಎದ್ದಿತು.

"ಬತ್ತೆ" ಎಂದೆ.